ಸುಧಾರಾಣಿ ಅಳೆದ ಗೋಡೆ

"ಇದೇನಿದು? ಮಸೂತಿ ಯಾಕ ಹಿಂಗ ಸೊಟ್ಟ ಕುಂತೈತಿ?"

ಫಕೀರೇಶ ಸರ್ ಪೆನ್ಸಿಲ್ಲಿನ ತುದಿಯಿಂದ ನಕ್ಷೆಯನ್ನು ಟಕ್ ಟಕ್ ಎಂದು ಕುಟ್ಟಿದರು. ಆರನೆಯ ತರಗತಿಯ ಇಪ್ಪತ್ತೆಂಟು ತಲೆಗಳು ಒಂದೇ ಸಲ ಮುಂದಕ್ಕೆ ಬಾಗಿದವು. ಆಮೇಲೆ ನಗು ಶುರುವಾಯಿತು. ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಹಿಂದಿನ ಸಾಲು, ಕಡೆಗೆ ಏನಾಯಿತೆಂದೇ ಗೊತ್ತಿಲ್ಲದ ಕಿಟಕಿ ಪಕ್ಕದವರೂ ನಕ್ಕರು.

ಸುಧಾರಾಣಿ ಮಾತ್ರ ನಗಲಿಲ್ಲ. ನಕ್ಷೆಯಲ್ಲಿ ಆ ಮಸೀದಿಯನ್ನು ಬರೆದವಳು ಅವಳೇ.

"ಅದು ಹಂಗ ಐತ್ರಿ ಸರ್," ಅಂದಳು.

"ಹಂಗಂದ್ರ?"

"ಓಣಿಗೆ ಸರಿಯಾಗಿ ಇಲ್ರಿ. ಒಂಚೂರು ತಿರುಗೈತಿ."

"ನಾ ದಿನಾ ಆ ಗ್ವಾಡಿ ಬಾಜೂಕ ಬೈಕ್ ನಿಂದರಿಸ್ತೀನಿ ಯವ್ವಾ. ಓಣಿ ಹೆಂಗ ಐತೋ ಗ್ವಾಡಿ ಹಂಗ ಐತಿ. ಅಗದಿ ನೂಲು ಹಿಡದಂಗ."

ಮತ್ತೆ ನಗು. ಸುಧಾರಾಣಿಯ ಕಿವಿ ಬಿಸಿಯಾದವು.

ತೊಗರಿಗೊಪ್ಪದ ಶಾಲೆಗೆ ಆ ವರ್ಷ ಹೊಸ ಕಾಂಪೌಂಡ್ ಗೋಡೆ ಬಂದಿತ್ತು. ಅದರ ಮೇಲೆ ಊರಿನ ನಕ್ಷೆ ಬರೆಸಬೇಕು, ಅದನ್ನು ಮಕ್ಕಳೇ ತಯಾರಿಸಬೇಕು ಎಂದು ಸರ್ ಹೇಳಿದ್ದರು. ಇಬ್ಬಿಬ್ಬರಿಗೆ ಒಂದೊಂದು ಓಣಿ. ಸುಧಾರಾಣಿಗೂ ಬೀರೇಶನಿಗೂ ಹಳ್ಳದ ಓಣಿ ಸಿಕ್ಕಿತ್ತು. ಊರಿನ ಹಳೆಯ ಕಲ್ಲಿನ ಮಸೀದಿ ಇರುವುದು ಅಲ್ಲೇ. ಶನಿವಾರ ಮುಂಜಾನೆ ನವಲಗುಂದದಿಂದ ಪೇಂಟರ್ ಬರುವವರಿದ್ದರು. ಇವತ್ತು ಬುಧವಾರ.

"ಹಾಳಿ ಮ್ಯಾಲ ತಪ್ಪಾದ್ರ ರಬ್ಬರ್ ಐತಿ," ಅಂದರು ಸರ್. "ಗ್ವಾಡಿ ಮ್ಯಾಲ ತಪ್ಪಾದ್ರ ಮಂದಿ ಹತ್ತ ವರ್ಷ ನಗತಾರ. ಅಳಸು, ನೆಟ್ಟಗ ಬರಿ."

ಅವರು ತಮ್ಮ ಜೇಬಿನಿಂದಲೇ ರಬ್ಬರ್ ತೆಗೆದು ಅವಳ ಕೈಗೆ ಕೊಟ್ಟರು. ಸುಧಾರಾಣಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಕೈಯನ್ನು ಹಾಳೆಯ ಹತ್ತಿರ ಒಯ್ಯಲಿಲ್ಲ.

"ಅಳತಿ ತಂದು ತೋರಿಸ್ತೀನ್ರಿ."

ಸರ್ ಅವಳನ್ನು ನೋಡಿದರು. ಅವರು ಸಿಡುಕರೇನಲ್ಲ. ಹಟ ಮಾಡುವವರನ್ನು ಕಂಡರೆ ಒಳಗೊಳಗೇ ಖುಷಿಪಡುವ ಜಾತಿಯ ಮೇಷ್ಟ್ರು. ಆದರೆ ಅದನ್ನು ಮುಖದ ಮೇಲೆ ತೋರಿಸುವುದಿಲ್ಲ.

"ಆತು. ಸ್ಪೋರ್ಟ್ಸಿನ ಟೇಪ್ ಒಯ್ಯಿ. ಶನಿವಾರ ಪೇಂಟರ್ ಬರೋದ್ರಾಗ ತೋರಿಸಬೇಕು. ಇಲ್ಲಾಂದ್ರ ಬೀರೇಶ ಬರದದ್ದು ಗ್ವಾಡಿ ಮ್ಯಾಲ ಹೋಗತೈತಿ. ಕೆಳಗ ಅವನ ಒಬ್ಬನ ಹೆಸರು."

ಬೀರೇಶ ಇನ್ನೊಂದು ಹಾಳೆಯಲ್ಲಿ ಅದೇ ಓಣಿಯನ್ನು ಸ್ಕೇಲ್ ಇಟ್ಟು ಬರೆದಿದ್ದ. ಮಸೀದಿ ಅದರಲ್ಲಿ ಬೆಂಕಿಪೊಟ್ಟಣದಷ್ಟು ನೆಟ್ಟಗಿತ್ತು. ಅವನು ಸುಧಾರಾಣಿಯ ಕಡೆ ತಿರುಗಿ ಹಲ್ಲು ಕಿಸಿದ.

ಶಾಲೆ ಬಿಟ್ಟ ಮೇಲೆ ಮೂವರು ಕೂಡಿ ನಡೆದರು. ಮೂರನೆಯವಳು ಅರ್ಫಾ. ಮಸೀದಿಯ ಬಾಗಿಲು ತೆಗೆದು, ಕಸ ಹೊಡೆದು, ನೀರಿನ ತೊಟ್ಟಿ ತುಂಬಿಸಿ ನಿಗಾ ನೋಡುವ ಮಹಬೂಬಸಾಬರ ಮೊಮ್ಮಗಳು.

"ಎರಡ ನಿಮಿಷದ ಕೆಲಸ ಇತ್ತಲೇ," ಅಂದ ಬೀರೇಶ. "ಅಳಿಸಿ ಬರದಿದ್ರ ಮುಗೀತಿತ್ತು. ನಿನಗ ಯಾರ ಹೇಳಿದ್ರು ಅದು ತಿರುಗೈತಿ ಅಂತ?"

"ಯಾರೂ ಹೇಳಿಲ್ಲ. ಕಂಡೇನಿ."

ಅವಳು ಕಂಡದ್ದು ಹೀಗೆ. ಸುಧಾರಾಣಿಗೆ ಎಂಟು ತಿಂಗಳ ತಮ್ಮನಿದ್ದಾನೆ. ಹಲ್ಲು ಬರುತ್ತಿವೆ, ಸಂಜೆಯಾದರೆ ಕಿರಿಕಿರಿ. ಊರಿನಲ್ಲಿ ಕೂಸು ಅಳುತ್ತದೆಂದರೆ ಎಲ್ಲ ಮನೆಯವರೂ ಮಾಡುವುದು ಒಂದೇ. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಮಸೀದಿಯ ಬಾಗಿಲಿಗೆ ಹೋಗುತ್ತಾರೆ. ನಮಾಜು ಮುಗಿಸಿ ಹೊರಬರುವ ಹಿರಿಯರು ದುವಾ ಓದಿ ಕೂಸಿನ ನೆತ್ತಿಯ ಮೇಲೆ ಮೆತ್ತಗೆ ಊದುತ್ತಾರೆ. ಸುಧಾರಾಣಿ ಅಜ್ಜಿಯ ಜೊತೆ ಹಾಗೆ ಹೋಗಿ ಬಾಗಿಲಲ್ಲಿ ನಿಂತಿದ್ದಳು. ಅಂಗಳದ ಆಚೆ ನಮಾಜಿಗೆ ನಿಂತವರ ಸಾಲು ಕಾಣುತ್ತಿತ್ತು. ಅವಳ ಕಾಲ ಕೆಳಗೆ ಹೊಸ್ತಿಲಿತ್ತು. ಹೊಸ್ತಿಲ ಗೆರೆ ಒಂದು ಕಡೆ ಹೋದರೆ ಸಾಲಿನ ಗೆರೆ ಇನ್ನೊಂದು ಕಡೆ ಹೋಗುತ್ತಿತ್ತು. ಎರಡೂ ಹೊಂದುತ್ತಲೇ ಇರಲಿಲ್ಲ.

"ನಿನ್ನ ಕಣ್ಣಿಗೆ ಚಾಳೀಸ ಬಂದೈತಿ," ಅಂದ ಬೀರೇಶ. ಚಾಳೀಸ ಅಂದರೆ ನಲವತ್ತು ದಾಟಿದವರು ಹಾಕುವ ಕನ್ನಡಕ.

ಅರ್ಫಾ ಯೋಚಿಸುತ್ತಿದ್ದಳು. "ಅಳಿಯಾಕ ನಮ್ಮ ದಾದಾನ್ನ ಕೇಳಬೇಕು. ಆದ್ರ ಸೊಟ್ಟ ಗಿಟ್ಟ ಅನಬ್ಯಾಡ ಮತ್ತ."

ಸುಧಾರಾಣಿ ಅನ್ನಬಾರದೆಂದೇ ಹೋಗಿದ್ದಳು. ಆದರೆ ಬೀರೇಶ ಅಂದುಬಿಟ್ಟ.

"ಅಜ್ಜಾರ, ಈಕಿ ನಿಮ್ಮ ಮಸೂತಿ ಸೊಟ್ಟ ಐತಿ ಅಂತಾಳ್ರಿ!"

ಮಹಬೂಬಸಾಬರು ತೊಟ್ಟಿಯ ಬಳಿ ಹೂಜಿಗಳನ್ನು ಜೋಡಿಸುತ್ತಿದ್ದರು. ಕೈ ಅಲ್ಲೇ ನಿಂತಿತು. ಎಂದೂ ದನಿ ಏರಿಸದ ಮನುಷ್ಯ ಅವರು. ಆಗಲೂ ಏರಿಸಲಿಲ್ಲ. ಆದರೆ ಮುಖ ಸಣ್ಣದಾಯಿತು.

"ಬಾ ಇಲ್ಲೆ," ಎಂದು ಸುಧಾರಾಣಿಯನ್ನು ಅಂಗಳದ ನಡುವೆ ನಿಲ್ಲಿಸಿದರು. "ಮ್ಯಾಲ ನೋಡು."

ಎದುರಿಗೆ ಮಸೀದಿಯ ಮೂರು ಕಮಾನುಗಳಿದ್ದವು. ಒಂದೊಂದು ಕಮಾನಿನ ನೆತ್ತಿಯಲ್ಲೂ ಕಲ್ಲಿನ ತಾವರೆ. ಎರಡು ಮೂಲೆಗೆ ಎರಡು ಗಿಡ್ಡ ಮಿನಾರು. ಸೂರಿನ ಅಂಚಿನಿಂದ ಮೊಳದುದ್ದದ ಒಂದು ಕಲ್ಲಿನ ಸರಪಳಿ ಇಳಿಬಿದ್ದಿತ್ತು.

"ಆ ಸರಪಳಿ ಒಂದ ಕಲ್ಲಾಗ ಕಡದಾರ. ಎಲ್ಲೂ ಜೋಡಿಲ್ಲ. ಬಿಜಾಪುರದ ಬಾದಶಹರ ಕಾಲದ್ದು ಅಂತ ನಮ್ಮ ಹಿರ್ಯಾರು ಹೇಳ್ತಿದ್ರು. ಇಂಥಾ ಕೆಲಸ ಮಾಡಿದವ್ರು ಸೊಟ್ಟ ಕಟ್ಟತಾರೇನವಾ?"

ಅವರಿಗೆ ಬೇಜಾರು ಮಾಡುವುದು ಸುಧಾರಾಣಿಗೆ ಬೇಕಿರಲಿಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಅನ್ನುವುದಾದರೂ ಹೇಗೆ?

"ನಾ ಹಂಗ ಅನ್ನಂಗಿಲ್ರಿ ಅಜ್ಜಾರ. ಬರೇ ಅಳೀತೀನಿ. ಅಳತ್ಯಾಗ ಏನ ಬರತೈತೋ ಅದನ್ನ ಬರೀತೀನಿ."

ಮಹಬೂಬಸಾಬರು ತೊಟ್ಟಿಯ ಕಡೆ ತಿರುಗಿದರು. ಆಮೇಲೆ ಅಂದರು, "ನಾಳೆ ಸಾಲಿ ಬಿಟ್ಟ ಮ್ಯಾಲ ಬರ್ರಿ. ಕೈಕಾಲು ತೊಳಕೊಂಡು ಬರ್ರಿ. ನಿನ್ನ ಅಳತಿನ ನಿನಗ ಹೇಳತೈತಿ."

ಗುರುವಾರ ಮೂವರೂ ಕೈಕಾಲು ತೊಳೆದುಕೊಂಡು ಅಂಗಳಕ್ಕೆ ಬಂದರು. ಸುಧಾರಾಣಿ ಇಡೀ ರಾತ್ರಿ ಲೆಕ್ಕ ಹಾಕಿದ್ದಳು, ಲೆಕ್ಕ ಸುಲಭವಿತ್ತು. ಓಣಿಯ ಕಡೆಯ ಗೋಡೆಯಿಂದ ಕಮಾನುಗಳವರೆಗೆ ಎಷ್ಟು ದೂರ? ಅದನ್ನು ಅಂಗಳದ ಎರಡೂ ತುದಿಯಲ್ಲಿ ಅಳೆಯುವುದು. ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಬಂದರೆ ಮಸೀದಿ ತಿರುಗಿದೆ ಎಂದಾಯಿತು.

ಬೀರೇಶ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದ. ಕಮಾನಿನ ಹತ್ತಿರ ಮಹಬೂಬಸಾಬರು ಟೇಪಿನ ಸುರುಳಿ ಹಿಡಿದರು. ಅರ್ಫಾ ನೋಟ್‌ಬುಕ್ ಹಿಡಿದು ಕೂತಳು.

"ಮೂವತ್ತೊಂದು ಫೂಟು," ಅಂದರು ಮಹಬೂಬಸಾಬರು.

ಇನ್ನೊಂದು ತುದಿಗೆ ಹೋದರು. ಟೇಪು ಬಿಗಿಯಾಯಿತು. ಸುಧಾರಾಣಿ ಓಡಿಹೋಗಿ ತಾನೇ ಬಾಗಿ ಓದಿದಳು. ಎರಡನೆಯ ಸಲವೂ ಓದಿದಳು.

ಮೂವತ್ತೊಂದು ಫೂಟು.

"ಹೋ!" ಎಂದು ಕೂಗಲು ಹೋದ ಬೀರೇಶ, ಎಲ್ಲಿದ್ದೇನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ಆದರೆ ಅವನ ಮುಖದ ತುಂಬ ಆ ಹೋ ಇತ್ತು.

ಮಹಬೂಬಸಾಬರು ಟೇಪನ್ನು ಮೆಲ್ಲಗೆ ಸುತ್ತಿ ಅವಳ ಕೈಗಿಟ್ಟರು. "ನೋಡಿದ್ಯೇನವಾ? ಕೂದಲೆಳಿ ಫರಕಿಲ್ಲ." ಅವರ ಮುಖ ಮತ್ತೆ ಅರಳಿತ್ತು. ಅದನ್ನು ನೋಡಿ ಸುಧಾರಾಣಿಗೆ ಒಂದು ಕಡೆ ಸಮಾಧಾನವೂ ಆಯಿತು. ಇನ್ನೊಂದು ಕಡೆ ಅಳುವೂ ಬಂತು.

ಮನೆಗೆ ಬಂದವಳೇ ನಕ್ಷೆಯನ್ನು ಹರವಿಕೊಂಡು ಕೂತಳು. ಸರ್ ಕೊಟ್ಟ ರಬ್ಬರ್ ಪಕ್ಕದಲ್ಲಿತ್ತು. ಮಸೀದಿಯ ಮೇಲೆ ಒಮ್ಮೆ ತಿಕ್ಕಿದಳು. ಗೆರೆ ಸ್ವಲ್ಪ ಮಸುಕಾಯಿತು. ಮತ್ತೆ ತಿಕ್ಕಲು ಕೈ ಏಳಲಿಲ್ಲ. ಆ ಸಾಲು ಕಂಡಿದ್ದೆನಲ್ಲ. ಒಂದು ಸಲವಲ್ಲ, ನಾಲ್ಕು ಸಂಜೆ ಕಂಡಿದ್ದೆ. ಅಳತೆ ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಕಣ್ಣು ಯಾಕೆ ಸುಳ್ಳು ಹೇಳಬೇಕು?

"ಆ ಹಾಳಿ ಬಿಟ್ಟು ಏಳಬೇ," ಎಂದು ಅಜ್ಜಿ ದೇವಕ್ಕ ಕೂಗಿದಳು. ಸುಧಾರಾಣಿ ಅವಳನ್ನು ಆಯಿ ಎಂದು ಕರೆಯುತ್ತಾಳೆ. "ಇವತ್ತ ಗುರುವಾರ. ಮಸೂತಿ ಮುಂದ ಮಂದಿ ಬಾಳ ಇರತಾರ. ಲಗೂನ ಹೋಗೂಣು, ನಡಿ."

"ನಾ ಬರಂಗಿಲ್ಲ."

"ಕೂಸಿನ ಟೊಪಗಿ ಯಾರ ಹಿಡಕೊಳ್ಳೋರು? ನಡಿ, ನಡಿ. ತಡಾ ಆದ್ರ ಬಲಗಡಿ ಕಟ್ಟಿ ತುಂಬತೈತಿ."

ಸುಧಾರಾಣಿ ಗೊಣಗುತ್ತ ಎದ್ದಳು.

ಮಸೀದಿಯ ದೊಡ್ಡ ಬಾಗಿಲು ಓಣಿಯ ಗೋಡೆಯ ನಡುವೆ ಇದೆ. ಬಾಗಿಲು ದಾಟಿದರೆ ನೇರ ಅಂಗಳ ಬರುವುದಿಲ್ಲ. ಗೋಡೆಯೇ ಅಷ್ಟು ದಪ್ಪ. ಆ ದಪ್ಪದೊಳಗೆ ನಾಲ್ಕೈದು ಹೆಜ್ಜೆಯ ಒಂದು ದಾರಿಯಿದೆ. ದಾರಿಯ ಎರಡೂ ಬದಿಗೆ ಕೂರಲು ಕಲ್ಲಿನ ಕಟ್ಟೆಗಳಿವೆ. ಕೂಸುಗಳನ್ನು ಕರೆತಂದ ಹೆಂಗಸರು ಅಲ್ಲೇ ಕಾಯುತ್ತಾರೆ.

ಅಜ್ಜಿ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ನುಗ್ಗಿದಳು. ಬಲಗಡೆಯ ಕಟ್ಟೆಯ ಮೇಲೆ ಮೂವರು ಕೂತಿದ್ದರು. "ಸರೀರಿ ಸರೀರಿ" ಎನ್ನುತ್ತ ನಾಲ್ಕನೆಯವಳಾಗಿ ಕೂತೇಬಿಟ್ಟಳು. ಎದುರಿನ ಎಡಗಡೆಯ ಕಟ್ಟೆಯ ಮೇಲೂ ಮೂವರಿದ್ದರು. ಅಲ್ಲಿಗೆ ಬಂದ ನೆರೆಮನೆಯ ಮರೆವ್ವ ಕೂರಲು ನೋಡಿದಳು, ಆಗಲಿಲ್ಲ, ಬೈದುಕೊಂಡು ನಿಂತಳು.

ಸುಧಾರಾಣಿಗೆ ನಗು ಬಂತು. "ಆಯಿ, ಎರಡೂ ಕಡೆ ಮೂರ ಮಂದಿ ಇದ್ರಲ್ಲ. ಇಲ್ಲೆ ಯಾಕ ನುಗ್ಗಿದಿ?"

"ಆ ಕಟ್ಟಿ ಸಣ್ಣದಬೇ. ಈ ಕಟ್ಟಿಗೆ ನಾಕ ಮಂದಿ ಹಿಡೀತಾರ. ಆ ಕಟ್ಟಿಗೆ ಮೂರ ಮಂದಿ. ನಾ ಲಗ್ನಾಗಿ ಈ ಊರಿಗೆ ಬಂದಾಗಿಂದ ಹಂಗ ಐತಿ. ಕೂಸು ಎತಗೊಂಡು ನಿಂತ ನೋಡಿದೋರಿಗೆ ಗೊತ್ತಿರತೈತಿ."

ಸುಧಾರಾಣಿಯ ಕೈಯಲ್ಲಿದ್ದ ಟೊಪ್ಪಿಗೆ ಕೆಳಗೆ ಬಿತ್ತು.

ಎರಡೂ ಕಟ್ಟೆ ಶುರುವಾಗುವುದು ಓಣಿಯ ಕಡೆಯ ಬಾಗಿಲಿನಲ್ಲಿ. ಎರಡೂ ಮುಗಿಯುವುದು ಅಂಗಳದ ಅಂಚಿನಲ್ಲಿ. ಹಾಗಾದರೆ ಎರಡೂ ಒಂದೇ ಉದ್ದ ಇರಬೇಕಲ್ಲ?

ಅವಳು ಮಂಡಿಯೂರಿ ಕೂತು ಬಲಗಡೆಯ ಕಟ್ಟೆಯನ್ನು ಗೇಣಿನಿಂದ ಅಳೆಯತೊಡಗಿದಳು.

"ಏ ಹುಡುಗಿ, ಸೀರಿ ಬಿಡ ನಂದು!"

"ಕಾಲು ಎತ್ತರಿ ಚಿಗವ್ವಾ, ಒಂದ ನಿಮಿಷ!"

"ದೇವಕ್ಕಾ, ನಿನ್ನ ಮೊಮ್ಮಗಳಿಗೂ ಊದಿಸಿಕೊಂಡ ಹೋಗಬೇ!"

ಯಾರು ಏನೆಂದರೂ ಸುಧಾರಾಣಿ ಬಿಡಲಿಲ್ಲ. ಬಲಗಡೆ ಹದಿನೈದು ಗೇಣು. ಎಡಗಡೆ ಹನ್ನೆರಡೂವರೆ. ಅಂಗಳ ಅಳೆಯಬೇಕೆಂದುಕೊಂಡಿದ್ದೇ ತಪ್ಪು. ಅಳೆಯಬೇಕಾದದ್ದು ಗೋಡೆಯ ದಪ್ಪ.

ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ಜುಮ್ಮಾ ನಮಾಜು, ಊರೆಲ್ಲ ಅಲ್ಲೇ. ಸುಧಾರಾಣಿ ಶಾಲೆ ಬಿಡುವವರೆಗೂ ಚಡಪಡಿಸಿದಳು. ಬೆಲ್ ಹೊಡೆದದ್ದೇ ಟೇಪು ಎತ್ತಿಕೊಂಡು ಓಡಿದಳು. ಹಿಂದೆ ಅರ್ಫಾ. ಅವಳ ಹಿಂದೆ, ಬರುವುದಿಲ್ಲ ಎನ್ನುತ್ತಲೇ ಬೀರೇಶ.

ಮಹಬೂಬಸಾಬರಿಗೆ ಈ ಸಲ ಮನಸ್ಸಿರಲಿಲ್ಲ. "ಮುಗೀತಲ್ಲವಾ ನಿನ್ನ ಅಳತಿ. ಮತ್ತೇನು?"

"ಅಜ್ಜಾರ, ಇದೊಂದ ಸಲ. ಈ ಕಟ್ಟಿ ಮ್ಯಾಲ ಎಷ್ಟ ಮಂದಿ ಕುಂಡ್ರತಾರ್ರಿ?"

"ಯಾರಿಗೆ ಗೊತ್ತು? ನಾ ಯಾವತ್ತ ಕುಂತೇನಿ?"

"ಬಲಕ್ಕ ನಾಕು, ಎಡಕ್ಕ ಮೂರ್ರಿ. ನಮ್ಮ ಆಯಿಗೆ ಗೊತ್ತೈತಿ. ಮರೆವ್ವಗ ಗೊತ್ತೈತಿ. ಎಲ್ಲಾ ಹೆಣ್ಣಮಕ್ಕಳಿಗೂ ಗೊತ್ತೈತಿ."

ಮಹಬೂಬಸಾಬರು ಹುಬ್ಬು ಗಂಟು ಹಾಕಿದರು. ಆದರೆ ಟೇಪಿನ ತುದಿ ಹಿಡಿದರು.

ಬಲಗಡೆಯ ಕಟ್ಟೆ ಎಂಟು ಫೂಟು ಎಂಟು ಇಂಚು. ಎಡಗಡೆಯದು ಏಳು ಫೂಟು ನಾಲ್ಕು ಇಂಚು.

"ಕಟ್ಟೋರು ಒಂದಿಷ್ಟು ಅತ್ತಿತ್ತ ಮಾಡಿರಬೇಕು," ಅಂದ ಬೀರೇಶ. ಆದರೆ ಅವನ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಸರಪಳಿಗೆ ಜೋಡಿಲ್ಲದಂಗ ಕಡದವ್ರು ಕಟ್ಟಿಗೆ ಹದಿನಾರು ಇಂಚು ತಪ್ಪತಾರೇನಲೇ?" ಅಂದಳು ಸುಧಾರಾಣಿ. "ಅಜ್ಜಾರ, ಗ್ವಾಡಿ ಒಳಗಿನ ಕೋಣಿ ತಗೀತೀರೇನ್ರಿ?"

ಆ ದಪ್ಪ ಗೋಡೆಯೊಳಗೆ ಬಾಗಿಲಿನ ಬಲಕ್ಕೆ ಎರಡು ಕೋಣೆ, ಎಡಕ್ಕೆ ಒಂದು ಕೋಣೆ ಇದ್ದವು. ಎಲ್ಲದರ ಬಾಗಿಲೂ ಅಂಗಳದ ಕಡೆಗೆ. ಮಹಬೂಬಸಾಬರು ಸೊಂಟದ ಬೀಗದ ಕೈ ತೆಗೆದರು.

ಬಲಗಡೆಯ ತುದಿಯ ಕೋಣೆಯಲ್ಲಿ ಸುತ್ತಿಟ್ಟ ಜಮಖಾನೆಗಳು, ಏಣಿ, ದೊಡ್ಡ ಹಂಡೆ ಇದ್ದವು. ಬೀರೇಶ ಒಳಗೆ ಹೊಕ್ಕು, ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಅಳೆದು ಕೂಗಿದ, "ಎಂಟೂ ಮುಕ್ಕಾಲು ಫೂಟು!"

ಅದರ ಪಕ್ಕದ ಕೋಣೆ ಆರೂ ಮುಕ್ಕಾಲು.

ಎಡಗಡೆಯ ಕೋಣೆಯಲ್ಲಿ ಕಸಬರಿಗೆಗಳು ಮಾತ್ರ ಇದ್ದವು. ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಅದು ಎರಡೂ ಮುಕ್ಕಾಲು ಫೂಟು. ಅಲ್ಲಿಂದ ಮುಂದೆ, ಎಡ ತುದಿಯಲ್ಲಿ ಕೋಣೆಗೆ ಜಾಗವೇ ಇಲ್ಲದೆ, ದೀಪ ಇಡುವ ಒಂದು ಗೂಡು ಮಾತ್ರ ಕೊರೆದಿದ್ದರು.

ಅರ್ಫಾ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಅವಳ ದನಿ ನಿಧಾನವಾಯಿತು. ಸುಧಾರಾಣಿ ಅಂಗಳದ ಧೂಳಿನಲ್ಲಿ ಬೆರಳಿನಿಂದ ಎರಡು ಗೆರೆ ಎಳೆದಳು.

"ಇದು ಗ್ವಾಡಿ ಹೊರಮೈ. ಇದು ಓಣಿಗೆ ಸರಿಯಾಗಿ ಐತಿ. ಇದು ಗ್ವಾಡಿ ಒಳಮೈ. ಇದು ಕಮಾನಿಗೆ ಸರಿಯಾಗಿ ಐತಿ. ಎರಡೂ ನೆಟ್ಟಗ ಅದಾವು. ಆದ್ರ ಒಂದಕ್ಕೊಂದು ಸರಿ ಇಲ್ಲ."

ಎರಡು ಗೆರೆಗಳ ನಡುವೆ ಉಳಿದ ಗೋಡೆ ಬಡಗಿಯ ಬೆಣೆಯ ಹಾಗಿತ್ತು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು.

ಮಹಬೂಬಸಾಬರು ಚಪ್ಪಲಿಯನ್ನೂ ಮರೆತು ಓಣಿಗೆ ಹೋದರು. ಗೋಡೆಯ ಉದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದರು. ಮತ್ತೆ ಒಳಗೆ ಬಂದು, ಬಾಗಿಲ ದಾರಿಯ ನಡುವೆ ನಿಂತು ಅಂಗಳವನ್ನು ನೋಡಿದರು. ಬಹಳ ಹೊತ್ತು ನಿಂತರು.

"ಐವತ್ತ ವರ್ಷ ಈ ಬಾಗಲದಾಗ ಹಾದೇನಿ," ಅಂದರು ಕಡೆಗೆ. "ದಿನಾ ಐದ ಸಲ. ಒಂದ ದಿನಾನೂ ಇಲ್ಲೆ ನಿಂತಿಲ್ಲ ನೋಡವಾ. ಆ ಕಸಬರಿಗಿ ಕೋಣಿ ಸಣ್ಣದ್ಯಾಕಂತ ಸೈತ ಕೇಳಲಿಲ್ಲ."

"ಹಿಂಗ್ಯಾಕ ಕಟ್ಟಿದ್ರ ದಾದಾ?" ಅರ್ಫಾ ಕೇಳಿದಳು.

"ನಮಾಜಿಗೆ ನಿಂತಾಗ ಮಾರಿ ಕಾಬಾದ ಕಡೆ ಇರಬೇಕು. ನಮ್ಮ ಊರಿಂದ ಅದು ಪಡುವಣಕ್ಕೈತಿ. ಯಾರ ಸಲುವಾಗೂ ಅದನ್ನ ತಿರಗಸಾಕ ಬರಂಗಿಲ್ಲ."

"ಹಂಗಾರ ಓಣೀನ ತಿರಗಸಬೇಕಿತ್ತು," ಅಂದ ಬೀರೇಶ. "ಬಾದಶಹರಿಗೆ ಯಾರ ಬ್ಯಾಡಂತಿದ್ರು?"

ಸುಧಾರಾಣಿ ಬಾಗಿಲಿಗೆ ಹೋಗಿ ಹೊರಗೆ ನೋಡಿದಳು. ಓಣಿ ಹಳ್ಳದ ದಂಡೆ ಹಿಡಿದು ಹೋಗುತ್ತದೆ. ಹಳ್ಳ ಹೇಗೆ ಓರೆಯಾಗಿದೆಯೋ ಓಣಿಯೂ ಹಾಗೇ ಓರೆ. ಎದುರಿಗೆ ಏಳು ಮನೆಗಳ ಸಾಲು. ಮೂರನೆಯದು ಬೀರೇಶನದು. ಅವನ ಅವ್ವ ಕಟ್ಟೆಯ ಮೇಲೆ ಕೂತು ಅಲಸಂದಿ ಬಿಡಿಸುತ್ತಿದ್ದಳು.

"ಓಣಿ ತಿರಗಸಬೇಕಂದ್ರ ಮನಿ ಕೆಡವಬೇಕಲೇ," ಅಂದಳು.

ಬೀರೇಶ ಅವಳ ಪಕ್ಕ ಬಂದು ನಿಂತು ತನ್ನ ಮನೆಯನ್ನು ನೋಡಿದ. ಆಮೇಲೆ ಟೇಪನ್ನು ತಾನೇ ಸುತ್ತತೊಡಗಿದ.

ಶನಿವಾರ ಮುಂಜಾನೆ ಪ್ರಾರ್ಥನೆ ಮುಗಿಯುವ ಮೊದಲೇ ಪೇಂಟರ್ ಬಂದಿದ್ದರು. ಗೋಡೆಗೆ ಏಣಿ ಒರಗಿಸಿ, ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಫಕೀರೇಶ ಸರ್ ಕೈಯಲ್ಲಿ ಬೀರೇಶನ ಹಾಳೆ ಇತ್ತು.

"ಏನಾತು ಸುಧಾರಾಣಿ? ಮಸೂತಿ ನೆಟ್ಟಗೋ, ಸೊಟ್ಟೋ?"

ಇಡೀ ತರಗತಿ ಕಾಯುತ್ತಿತ್ತು. ಸುಧಾರಾಣಿ ತನ್ನ ನಕ್ಷೆಯನ್ನು ಬಿಚ್ಚಿದಳು. ಈ ಗಳಿಗೆಗಾಗಿ ಮೂರು ದಿನ ಒದ್ದಾಡಿದ್ದಳು. ಆದರೆ ಹೇಳಬೇಕಾದ ಮೊದಲ ಮಾತು ಅವಳಿಗೇ ಕಷ್ಟದ್ದಾಗಿತ್ತು.

"ನನ್ನ ನಕ್ಷಾ ತಪ್ಪೈತ್ರಿ ಸರ್."

ಬೀರೇಶ ತಟ್ಟನೆ ತಲೆ ಎತ್ತಿದ.

"ನಾ ಹೊರಗಿನ ಗ್ವಾಡಿನೂ ತಿರುಗಿಸಿ ಬರದಿದ್ದೆ. ಅದು ನೀವು ಹೇಳಿದಂಗ ಓಣಿಗೆ ಸರಿ ಐತಿ. ಬೀರೇಶ ಬರದದ್ದೂ ತಪ್ಪೈತ್ರಿ. ಅವ ಒಳಗಿಂದೂ ಓಣಿಗೆ ಸರಿ ಬರದಾನ. ಅದು ತಿರುಗೈತಿ. ಹೆಂಗ ಐತಿ ಅಂದ್ರ..." ಅವಳು ಅರ್ಫಾಳ ನೋಟ್‌ಬುಕ್ ಮುಂದೆ ಚಾಚಿದಳು.

ಸರ್ ಅಳತೆಗಳನ್ನು ಓದಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಸ್ಕೇಲ್ ಹಿಡಿದು, ಹೊಸ ಹಾಳೆಯಲ್ಲಿ ಒಂದೊಂದೇ ಅಳತೆ ಇಟ್ಟು ಗೆರೆ ಎಳೆದರು. ಕಟ್ಟೆಗಳು ಬಂದವು. ಕೋಣೆಗಳು ಬಂದವು. ಗೆರೆಗಳನ್ನು ಕೂಡಿಸಿದಾಗ, ನೆಟ್ಟಗಿನ ಓಣಿ ಮತ್ತು ನೆಟ್ಟಗಿನ ಅಂಗಳದ ನಡುವೆ ಆ ಬೆಣೆಯಂಥ ಗೋಡೆ ತಾನಾಗಿಯೇ ಎದ್ದು ಕಂಡಿತು.

ಸರ್ ಶಿಳ್ಳೆ ಹಾಕಿದರು. ಮೇಷ್ಟ್ರು ಶಿಳ್ಳೆ ಹಾಕಿದ್ದನ್ನು ಆ ಶಾಲೆಯ ಮಕ್ಕಳು ಅದೇ ಮೊದಲು ಕೇಳಿದ್ದು.

"ಇಷ್ಟ ವರ್ಷ ಇದಕ್ಕ ಬೈಕ್ ಒರಗಿಸೇನಲ್ಲ," ಅಂದರು. "ಇದನ್ನ ಹೆಂಗ ಕಂಡಹಿಡದಿ?"

"ನಾ ಅಲ್ರಿ. ನಮ್ಮ ಆಯಿ ಕುಂಡ್ರಾಕ ಜಾಗಾ ಹುಡಕತಿದ್ಲು. ಆಕಿ ಹೆಸರೂ ಬರೀರಿ ಸರ್."

"ಕಟ್ಟಿ ಮ್ಯಾಲ ಕುಂತೋರೆಲ್ಲಾರ ಹೆಸರ ಬರದ್ರ ಊರು ಬರೀಲಿಕ್ಕೆ ಜಾಗಾ ಉಳಿಯಂಗಿಲ್ಲ ಯವ್ವಾ," ಎಂದು ಸರ್ ನಕ್ಕರು. ಆದರೂ ಹಾಳೆಯ ಕೆಳಗೆ ಸುಧಾರಾಣಿ, ಬೀರೇಶ, ಅರ್ಫಾ ಎಂದು ಬರೆದ ಮೇಲೆ ದೇವಕ್ಕ ಎಂದೂ ಸೇರಿಸಿದರು.

ಹೊತ್ತು ಏರುವಷ್ಟರಲ್ಲಿ ಗೋಡೆಯ ಮೇಲೆ ಹಳ್ಳ ಹರಿಯಿತು. ಹಳ್ಳದ ದಂಡೆಗೆ ಓಣಿ ಬಂತು. ಓಣಿಯ ಒಂದು ಬದಿಗೆ ಏಳು ಮನೆಗಳು ಬಂದವು. ಪೇಂಟರ್ ಮಸೀದಿಯ ಹತ್ತಿರ ಬಂದು ಹಾಳೆಯನ್ನು ಒಮ್ಮೆ, ಗೋಡೆಯನ್ನು ಒಮ್ಮೆ ನೋಡಿದರು.

"ಸರ್, ಇಲ್ಲೊಂದು ತಪ್ಪಾಗೇತ್ರಿ. ಈ ಗ್ವಾಡಿ ಒಂದ ಕಡೆ ದಪ್ಪ, ಒಂದ ಕಡೆ ತೆಳು ಬಂದೈತಿ. ಸರಿ ಮಾಡ್ಲೇನ್ರಿ?"

ಸರ್ ಸುಧಾರಾಣಿಯ ಕಡೆ ನೋಡಿದರು.

"ಬ್ಯಾಡ್ರಿ," ಅಂದಳು ಸುಧಾರಾಣಿ. "ಅವ್ರು ಹಂಗ ಕಟ್ಯಾರ. ಹಂಗ ಬರೀರಿ."

ಹೇಳಿದ ಮೇಲೆ ಅವಳಿಗೆ ಏನೋ ಹೊಳೆಯಿತು. ಎಷ್ಟೋ ವರ್ಷಗಳ ಹಿಂದೆ ಆ ಓಣಿಯಲ್ಲಿ ಒಬ್ಬ ಕಲ್ಲುಕೆಲಸದವನು ನೂಲು ಹಿಡಿದು ನಿಂತಿದ್ದಿರಬೇಕು. ಅವನ ಬೆನ್ನ ಹಿಂದೆಯೂ ಯಾರೋ ಹೀಗೇ ಕೇಳಿರಬೇಕು, ಇದೇನು ಒಂದು ಕಡೆ ದಪ್ಪ, ಸರಿ ಮಾಡು ಅಂತ. ಅವನ ಒಂದು ಕಡೆ ಕಾಬಾ, ಇನ್ನೊಂದು ಕಡೆ ಯಾರ್ಯಾರದೋ ಮನೆಗಳು. ಬುಧವಾರ ಅವಳಿಗೆ ತನ್ನ ಗೆರೆ ಗೆದ್ದರೆ ಸಾಕಾಗಿತ್ತು. ಅವನಿಗೆ ಅಷ್ಟು ಸಾಕಾಗಿರಲಿಲ್ಲ. ಅವನು ಎರಡರಲ್ಲಿ ಯಾವ ಗೆರೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ನಡುವಿನದನ್ನೆಲ್ಲ ಕಲ್ಲು ಹೊತ್ತು ತುಂಬಿದ್ದ.

ಅವನ ಹೆಸರು ಯಾರಿಗೂ ಗೊತ್ತಿಲ್ಲ ಎಂದು ನೆನೆದು ಅವಳಿಗೆ ಒಂದು ಗಳಿಗೆ ಕೆಟ್ಟೆನಿಸಿತು.

ಪೇಂಟರ್ ಭುಜ ಹಾರಿಸಿ ಬ್ರಶ್ ಎತ್ತಿಕೊಂಡರು. ಸುಧಾರಾಣಿ ಬೂದು ಬಣ್ಣದ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ, ಅವರಿಗೆ ಬಾಗುವ ಕೆಲಸ ಬೀಳದ ಹಾಗೆ ಹಿಡಿದಳು. ಬ್ರಶ್ ಗೋಡೆಯ ತೆಳು ತುದಿಯಿಂದ ಶುರುವಾಯಿತು. ಮೊದಲು ಒಂದೇ ಎಳೆತಕ್ಕೆ ತುಂಬಿತು. ಮುಂದೆ ಎರಡು ಬೇಕಾದವು, ಆಮೇಲೆ ಮೂರು. ದಪ್ಪ ತುದಿ ಮುಟ್ಟುವ ಹೊತ್ತಿಗೆ ಅವಳ ತೋಳು ಸೋತಿದ್ದವು. ಆದರೆ ಡಬ್ಬಿಯನ್ನು ಕೆಳಗಿಡಲಿಲ್ಲ.